ದ್ವೀಪ ಬಿಟ್ಟವರು

ಜನವರಿ 9

ಅಕ್ಕಾ,

ಹೋದ ಸಲ ಫೋನಿನಲ್ಲಿ ನಾವು ಮಾತಾಡಿದ್ದಾದರೂ ಏನು? ನಿನಗೆ ನೆಗಡಿ, ನನಗೆ ಕೆಲಸ, ಅಲ್ಲಿ ಬಿಸಿಲು, ಇಲ್ಲಿ ಚಳಿ. ನಿಮ್ಮದು ಒಂದೇ ಹಜಾರದ ಮನೆ, ನೀನು ಫೋನು ಎತ್ತಿದರೆ ಮನೆಮಂದಿಯ ಕಿವಿಯೆಲ್ಲ ಅಲ್ಲೇ. ನನ್ನ ಫೋನನ್ನು ಕಂಪನಿಯವರು ಬೆಳಿಗ್ಗೆ ಗೇಟಿನಲ್ಲೇ ಡಬ್ಬಿಗೆ ಹಾಕಿಸಿಕೊಳ್ಳುತ್ತಾರೆ. ಮೇಲ್ ಬರೆದರೆ ಅದನ್ನು ಓದುವುದಕ್ಕೂ ಒಬ್ಬನಿದ್ದಾನೆ. ಹಾಗಾಗಿ ಕಾಗದ. ನಿಧಾನವಾಗಿ ಬಂದರೂ ನಿನ್ನೊಬ್ಬಳಿಗೇ ಬರುತ್ತದೆ.

ನನ್ನ ಕೆಲಸ ಏನೆಂದು ನೀನು ಎಷ್ಟು ಸಲ ಕೇಳಿದ್ದೀ, ನಾನು ‘ಕಂಪ್ಯೂಟರ್’ ಎಂದು ಹೇಳಿ ಜಾರಿಕೊಂಡಿದ್ದೇನೆ. ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಇದೆಯಲ್ಲ, ಅದನ್ನು ಮಾಡುವವರು ನಾವು. ನಾನಿರುವುದು ನಕಲು ತಡೆಯುವ ವಿಭಾಗದಲ್ಲಿ. ನಾವು ಯಂತ್ರಕ್ಕೆ ಬೀಗ ಹಾಕುತ್ತೇವೆ, ಯಾರೋ ಮುರಿಯುತ್ತಾರೆ, ಬೀದಿಯಲ್ಲಿ ಒಂದು ಚಿಕ್ಕ ಕಾರ್ಡಿನೊಳಗೆ ನಮ್ಮ ಗೇಮುಗಳನ್ನೆಲ್ಲ ತುಂಬಿ ಮಾರುತ್ತಾರೆ. ನಾವು ಮತ್ತೆ ಬೀಗ ಹಾಕುತ್ತೇವೆ. ಏಳು ವರ್ಷದಿಂದ ಇದೇ. ಒಗೆದ ಬಟ್ಟೆಯನ್ನೇ ಮತ್ತೆ ಮತ್ತೆ ಒಗೆಯುವ ಹಾಗೆ.

ಈಗ ತಲೆಬಿಸಿಯಾಗಿರುವುದು ಒಂದು ದ್ವೀಪದ ಗೇಮಿನಿಂದ. ಆಡುವವರು ಒಂದು ಖಾಲಿ ದ್ವೀಪದಲ್ಲಿ ಗಿಡ ನೆಡಬೇಕು, ಮನೆ ಕಟ್ಟಬೇಕು. ಆಗ ಪ್ರಾಣಿಗಳು ಒಂದೊಂದಾಗಿ ದೋಣಿಯಲ್ಲಿ ಬಂದು ವಾಸ ಮಾಡುತ್ತವೆ. ಅವಕ್ಕೆ ನಾವೇ ಹೆಸರಿಡಬಹುದು. ಗೆಲುವು ಸೋಲು ಏನೂ ಇಲ್ಲ. ಯಾರೋ ಒಬ್ಬ ಅದನ್ನು ಬಿಚ್ಚಿ, ಅಕ್ಷರಗಳನ್ನೆಲ್ಲ ದೊಡ್ಡದು ಮಾಡಿ, ಮಾತನ್ನೆಲ್ಲ ನಮ್ಮ ಭಾಷೆಗೆ ತಿರುಗಿಸಿ, ಬಿಟ್ಟಿಯಾಗಿ ಹಂಚುತ್ತಿದ್ದಾನೆ. ಕಂಪನಿ ಆ ಗೇಮನ್ನು ನಮ್ಮ ಭಾಷೆಯಲ್ಲಿ ಮಾಡಿಯೇ ಇಲ್ಲ, ಮಾಡುವುದೂ ಇಲ್ಲ. ಇವನ ಕೆಲಸ ನಡೆಯಬೇಕಾದರೆ ಯಂತ್ರದ ಬೀಗ ಮುರಿದಿರಬೇಕು. ಹಾಗಾಗಿ ಕಾರ್ಡ್ ಮಾರುವವರು ಇವನದನ್ನೂ ಸೇರಿಸಿ ಮಾರುತ್ತಿದ್ದಾರೆ. ಇವನು ಇಟ್ಟುಕೊಂಡಿರುವ ಹೆಸರು ‘ದಪ್ಪಕ್ಷರ’. ಅವನನ್ನು ಹಿಡಿಯುವ ಕೆಲಸ ನನ್ನ ತಲೆಗೆ ಬಂದಿದೆ, ಏಕೆಂದರೆ ಇಲ್ಲಿ ಆ ಭಾಷೆ ಬರುವವಳು ನಾನೊಬ್ಬಳೇ. ದೊಡ್ಡ ಗ್ಯಾಂಗೇ ಇರಬೇಕು ಎನ್ನುತ್ತಾರೆ ನಮ್ಮ ಮುಖ್ಯಸ್ಥರು.

ನಿಜ ಹೇಳಲೇ? ಅದರಲ್ಲಿ ಒಂದು ಮೇಕೆ ‘ಬಂದೆಯಾ, ಕೂತ್ಕೋ, ಕಾಲು ನೋಯ್ತಾ ಇರುತ್ತೆ’ ಎನ್ನುತ್ತದೆ. ಮೂಲದಲ್ಲಿ ಇರುವುದು ಬರೀ ‘ಸ್ವಾಗತ’. ಕೆಲಸದ ನಡುವೆ ಅದನ್ನು ಎರಡು ಸಲ ಓದಿದೆ. ಯಾರೂ ನನಗೆ ಹಾಗೆ ಹೇಳಿ ಬಹಳ ದಿನವಾಗಿತ್ತು.

ನಿಮ್ಮ ಅತ್ತೆಯ ಕಣ್ಣು ಹೇಗಿದೆ? ಭಾವ ಡಿಪೋದಲ್ಲಿ ಇನ್ನೂ ಬಸ್ಸುಗಳ ಕೆಳಗೇ ಮಲಗಿರುತ್ತಾರೋ?

ನಿನ್ನ ತಂಗಿ

⁂

ಫೆಬ್ರವರಿ 6

ಪುಟ್ಟಿ,

ತಡವಾಯಿತು. ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವವನು ಕೆಲಸ ಬಿಟ್ಟುಹೋದ, ಅವನ ಪಾಲಿನದನ್ನೂ ನಾನೇ ಉಜ್ಜುತ್ತಿದ್ದೇನೆ. ಮನೆಗೆ ಬರುವ ಹೊತ್ತಿಗೆ ಬೆರಳುಗಳಿಗೆ ಪೆನ್ನು ಹಿಡಿಯುವ ಮನಸ್ಸಿರುವುದಿಲ್ಲ. ಇದು ಒಂದು ಕಾರಣ ಅಷ್ಟೇ, ಪೂರ್ತಿ ಕಾರಣ ಅಲ್ಲ.

ಭಾವ ಚೆನ್ನಾಗಿದ್ದಾರೆ. ಅತ್ತೆಯ ಕಣ್ಣು ಚೆನ್ನಾಗಿಲ್ಲ. ನಡುವಿನ ನೋಟ ಹೋಗಿಬಿಟ್ಟಿದೆ, ಅಂಚಿನಲ್ಲಿ ಮಾತ್ರ ಕಾಣುತ್ತದೆ. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯನ್ನು ನೋಡುತ್ತಾರೆ. ಊರಿಗೆಲ್ಲ ಕನ್ನಡಕ ಮಾಡಿಕೊಡುವ ನನ್ನ ಕೈಯಲ್ಲಿ ಅವರಿಗೊಂದು ಗಾಜು ಮಾಡಿಕೊಡಲು ಆಗುವುದಿಲ್ಲ. ಅಂಥ ಗಾಜೇ ಇಲ್ಲವಂತೆ. ಮದುವೆಯಾಗಿ ಬಂದಾಗಿನಿಂದ ನಮ್ಮಿಬ್ಬರ ನಡುವೆ ಎಷ್ಟು ಮಾತಿತ್ತು ಎಂದು ನಿನಗೆ ಗೊತ್ತು: ಬಾಗಿಲು ಹಾಕಿದೆಯಾ, ಹಾಲು ಉಕ್ಕಿತಾ. ಅಷ್ಟೇ.

ನಮ್ಮ ಮನೆಯವರು ಯಾರದೋ ಕೈಯಿಂದ ಹಳೆಯದೊಂದು ಗೇಮ್ ಯಂತ್ರ ತಂದುಕೊಟ್ಟಿದ್ದರು, ಅಮ್ಮನಿಗೆ ಹೊತ್ತು ಹೋಗಲಿ ಎಂದು. ನಿಮ್ಮ ಕಂಪನಿಯದೇ ಇರಬೇಕು. ಮೊದಮೊದಲು ಅತ್ತೆ ಅದನ್ನು ಮುಟ್ಟಲಿಲ್ಲ. ಈಗ ಬೆಳಿಗ್ಗೆ ಎದ್ದವರು ನಮ್ಮನ್ನು ಕೇಳುವುದಕ್ಕಿಂತ ಮೊದಲು ದ್ವೀಪದವರ ಯೋಗಕ್ಷೇಮ ಕೇಳುತ್ತಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೊತೆಗೆ ಕೂತು ಲೈನು ಜೋಡಿಸುತ್ತಿದ್ದ ಗೆಳತಿಯರೆಲ್ಲ ಅಲ್ಲಿದ್ದಾರೆ. ಕೊಕ್ಕರೆಗೆ ‘ಟ್ರಂಕು’ ಎಂದು ಹೆಸರು, ದೂರದ ಊರುಗಳ ಟ್ರಂಕ್ ಕಾಲ್ ನೋಡುತ್ತಿದ್ದವಳಂತೆ. ಮೇಕೆಗೆ ‘ಕೆಮ್ಮಿನವಳು’. ಇಬ್ಬರೂ ತೀರಿಹೋಗಿ ಬಹಳ ಕಾಲವಾಯಿತು. ಕರಡಿಯ ಹೆಸರು ‘ನಮ್ಮೋರು’. ಅದು ನಮ್ಮ ಮಾವ. ಮೊನ್ನೆ ಪರದೆಯ ಮೇಲೆ ‘ನಮ್ಮೋರು ನಿಮಗೊಂದು ಸೀಬೆಗಿಡ ತಂದಿದ್ದಾರೆ’ ಎಂದು ಬಂತು. ಅತ್ತೆ ತಲೆ ಓರೆ ಮಾಡಿ ಗಟ್ಟಿಯಾಗಿ ಓದಿ, “ಬದುಕಿದ್ದಾಗ ಒಂದು ಸೊಪ್ಪಿನ ಕಟ್ಟು ತಂದೋರಲ್ಲ” ಎಂದರು. ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಮಾವನ ವಿಷಯ ಒಂದು ಗಂಟೆ ಹೇಳಿದರು. ಇಷ್ಟು ವರ್ಷದಲ್ಲಿ ನಾನು ಕೇಳದೇ ಇದ್ದದ್ದು.

ನೀನು ಹೇಳಿದ ಆ ಮನುಷ್ಯ ಸಿಕ್ಕಿದರೆ ಏನು ಮಾಡುತ್ತೀರಿ? ಸುಮ್ಮನೆ ಕೇಳಿದೆ. ಕಾರ್ಡ್ ಮಾರುವವರಿಗೂ ಅವನಿಗೂ ಸಂಬಂಧ ಇರಲಿಕ್ಕಿಲ್ಲ ಅನಿಸುತ್ತದೆ, ಬಿಟ್ಟಿ ಹಂಚುತ್ತಾನೆ ಎಂದು ನೀನೇ ಬರೆದಿದ್ದೀಯಲ್ಲ.

ಚಳಿಗೆ ಕಾಲುಚೀಲ ಹಾಕಿಕೋ.

ಅಕ್ಕ

⁂

ಫೆಬ್ರವರಿ 24

ಅಕ್ಕಾ,

ನಿನ್ನ ಕಾಗದ ಇನ್ನೂ ಬಂದಿಲ್ಲ, ಆದರೂ ಬರೆಯುತ್ತಿದ್ದೇನೆ. ಇವತ್ತು ಮನಸ್ಸು ಸ್ವಲ್ಪ ಹಗುರಾಗಿದೆ.

ಮೀಟಿಂಗಿನಲ್ಲಿ ಎಲ್ಲರೂ ಯಂತ್ರವನ್ನೇ ಪೂರ್ತಿ ಬಂದ್ ಮಾಡಿಬಿಡೋಣ ಎನ್ನುತ್ತಿದ್ದರು. ನಾನು ಬೇಡ ಎಂದೆ. ಬಂದ್ ಮಾಡಿದರೆ ಜನ ಬೈಯುತ್ತಾರೆ, ಪತ್ರಿಕೆಗೆ ಬರೆಯುತ್ತಾರೆ, ಒಂದು ವಾರದಲ್ಲಿ ಯಾರೋ ಆ ಬೀಗವನ್ನೂ ಮುರಿಯುತ್ತಾರೆ. ಅದರ ಬದಲು ಬೇಸರ ಹುಟ್ಟಿಸೋಣ, ತಾವಾಗಿಯೇ ಬಿಟ್ಟುಹೋಗುತ್ತಾರೆ ಎಂದೆ. ಉಪಾಯ ಇಷ್ಟೇ. ಮುಂದಿನ ತಿಂಗಳು ದ್ವೀಪಕ್ಕೆ ಹೊಸ ಹೂವುಗಳನ್ನು ಇಂಟರ್ನೆಟ್ ಮೂಲಕ ಕಳಿಸುತ್ತೇವೆ. ಹೂವಿನ ಜೊತೆಗೆ ಒಂದು ಪರೀಕ್ಷೆಯೂ ಹೋಗುತ್ತದೆ. ಗೇಮನ್ನು ಯಾರಾದರೂ ತಿದ್ದಿದ್ದರೆ, ಅಲ್ಲಿಯ ಪ್ರಾಣಿಗಳು ಒಂದೊಂದಾಗಿ ದೋಣಿ ಹತ್ತಿ ದ್ವೀಪ ಬಿಟ್ಟು ಹೋಗುತ್ತವೆ. ಕಾರಣ ಹೇಳುವುದಿಲ್ಲ. ಆಡುವವರಿಗೆ ತಾವೇ ಏನೋ ತಪ್ಪು ಮಾಡಿದೆವು ಅನಿಸಬೇಕು. ಮುಖ್ಯಸ್ಥರು ಎಲ್ಲರ ಎದುರಿಗೆ ನನ್ನ ಬೆನ್ನು ತಟ್ಟಿದರು. ಇಷ್ಟು ವರ್ಷದಲ್ಲಿ ಮೊದಲ ಸಲ.

ಮೇಲಿನದನ್ನು ಬರೆದು ಮೇಜಿನ ಮೇಲೆ ಇಟ್ಟಿದ್ದೆ. ಈಗ ನಿನ್ನ ಕಾಗದ ಬಂತು.

ಫೋನಿನಲ್ಲಿ ಹಜಾರದವರೆಲ್ಲರ ಎದುರು ಹೇಳುವ ಮಾತಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಅತ್ತೆಯ ಯಂತ್ರವನ್ನು ಯಾರೂ ಇಂಟರ್ನೆಟ್‌ಗೆ ಸೇರಿಸಕೂಡದು. ಭಾವನಿಗೂ ಹೇಳು. ಹೊಸ ಹೂವು ಬಂದಿದೆ ಎಂದು ಯಾರು ಆಸೆ ಹುಟ್ಟಿಸಿದರೂ ಬೇಡ. ಆ ಗೇಮು ನಮ್ಮ ಭಾಷೆಯಲ್ಲಿ ಇಲ್ಲವೆಂದು ನಿನಗೆ ಮೊದಲ ಕಾಗದದಲ್ಲೇ ಬರೆದಿದ್ದೆ, ಅಕ್ಕ. ನೀನು ಅತ್ತೆ ಅದನ್ನು ಓದಿದರು ಎಂದು ಬರೆದಿದ್ದೀ. ಇದಕ್ಕಿಂತ ಹೆಚ್ಚು ನಾನು ಕೇಳುವುದಿಲ್ಲ, ನೀನೂ ಹೇಳಬೇಡ. ಗೊತ್ತಿಲ್ಲದಿದ್ದರೆ ನನ್ನನ್ನು ಕೇಳಿದಾಗ ಗೊತ್ತಿಲ್ಲ ಎನ್ನಬಹುದು.

ಪುಟ್ಟಿ

⁂

ಏಪ್ರಿಲ್ 11

ಪುಟ್ಟಿ,

ನಿನ್ನ ಕಾಗದ ಅಂಚೆಯಲ್ಲಿ ಎಲ್ಲಿ ಸುತ್ತಿತೋ, ಇಲ್ಲಿಗೆ ಬಂದದ್ದು ಮಾರ್ಚ್ ಕೊನೆಗೆ. ಅಷ್ಟು ಹೊತ್ತಿಗೆ ನಮ್ಮ ಮನೆಯವರು ಅಮ್ಮನಿಗೆ ಹೊಸ ಹೂವು ತೋರಿಸಬೇಕೆಂದು ಡಿಪೋದ ಇಂಟರ್ನೆಟ್‌ಗೆ ಯಂತ್ರವನ್ನು ಸೇರಿಸಿಕೊಂಡು ಬಂದಾಗಿತ್ತು. ಪಾಪ, ಗ್ರೀಸ್ ಕೈ ತೊಳೆದುಕೊಂಡು, ಒಳ್ಳೆಯದೇನೋ ಮಾಡಿದ ಖುಷಿಯಲ್ಲಿದ್ದರು.

ಹೂವು ಬಂದವು. ಚೆನ್ನಾಗಿದ್ದವು.

ಮೊದಲು ಹೋದವಳು ಕೆಮ್ಮಿನವಳು. ಅತ್ತೆ ಅವಳ ಮನೆಯ ಬಾಗಿಲು ತಟ್ಟಿ ತಟ್ಟಿ ನೋಡಿದರು. ಎರಡು ದಿನದ ಮೇಲೆ ಟ್ರಂಕು ಹೋದಳು. ಅತ್ತೆ ನನ್ನನ್ನು ಕರೆದು, ತಾನು ಗಿಡಕ್ಕೆ ನೀರು ಹಾಕುವುದು ಮರೆತೆನೋ, ಕಣ್ಣು ಕಾಣದೆ ಯಾರನ್ನಾದರೂ ತುಳಿದೆನೋ ಎಂದು ಕೇಳಿದರು. ಆಗಿನ್ನೂ ನಿನ್ನ ಕಾಗದ ಬಂದಿರಲಿಲ್ಲ. ನನ್ನ ತಿದ್ದುಪಡಿಯಲ್ಲೇ ಏನೋ ಎಡವಟ್ಟಾಗಿದೆ ಎಂದುಕೊಂಡು ಅಂಗಡಿಯಿಂದ ಬಂದವಳೇ ಹುಡುಕುತ್ತಾ ಕೂರುತ್ತಿದ್ದೆ. ಹೌದು, ನನ್ನ ತಿದ್ದುಪಡಿ. ಹೇಳಬೇಡ ಎಂದಿದ್ದೀ, ಹೇಳುತ್ತಿದ್ದೇನೆ. ನಿಮ್ಮ ಗ್ಯಾಂಗು ನಾನೊಬ್ಬಳೇ. ಅತ್ತೆಗೆ ಓದಲಿಕ್ಕೆ ಆಗಲಿ ಎಂದು, ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿ ನೋಡಿ ಕಲಿತು ಶುರು ಮಾಡಿದೆ. ಅವರ ಹಾಗೆ ಇನ್ನೂ ಎಷ್ಟೋ ಜನ ಇರುತ್ತಾರೆ ಎಂದು ಹಂಚಿದೆ. ಬೀದಿಯವರು ಅದನ್ನೂ ಕದ್ದು ಕಾರ್ಡಿಗೆ ತುಂಬಿದರು. ಅದಕ್ಕೆ ನನಗೆ ನಾಚಿಕೆಯಿದೆ, ಆದರೆ ಅವರನ್ನು ತಡೆಯುವ ಬೀಗ ನನ್ನ ಹತ್ತಿರ ಇಲ್ಲ.

ನಿನ್ನ ಕಾಗದ ಬಂದ ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಅತ್ತೆ ಕಿಟಕಿಯ ಪಕ್ಕ ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

“ಅವರು ಹೋದ್ರು ಕಣೇ” ಎಂದರು.

ಪರದೆಯಲ್ಲಿ ಕರಡಿಯ ಮನೆಯ ಬಾಗಿಲು ಹಾಕಿತ್ತು.

“ಒಂದು ಮಾತೂ ಹೇಳ್ಲಿಲ್ಲ. ಆಗಲೂ ಹೇಳ್ಲಿಲ್ಲ. ಸ್ನಾನಕ್ಕೆ ನೀರಿಡು ಅಂದೋರು, ನಾನು ನೀರು ಕಾಯ್ಸಿ ಬರೋದ್ರೊಳಗೆ...” ಅಷ್ಟಕ್ಕೆ ನಿಲ್ಲಿಸಿದರು. ತಟ್ಟೆ ಹಾಕಿದೆ. ತಿನ್ನಲಿಲ್ಲ.

ಬೇಸರ ಹುಟ್ಟಿಸುವ ನಿನ್ನ ಉಪಾಯ ಚೆನ್ನಾಗಿ ಕೆಲಸ ಮಾಡುತ್ತಿದೆ. ಮುಖ್ಯಸ್ಥರಿಗೆ ಹೇಳು, ಇನ್ನೊಂದು ಸಲ ಬೆನ್ನು ತಟ್ಟಲಿ. ವಿಷಯ ತಿಳಿದ ಮೇಲೂ ನೀನು ಅದನ್ನು ಹೊರಗೆ ಬಿಟ್ಟೆಯಲ್ಲ, ಅದೊಂದು ನನಗೆ ಅರ್ಥವಾಗಲಿಲ್ಲ.

ಅಕ್ಕ

⁂

ಏಪ್ರಿಲ್ 29

ಅಕ್ಕಾ,

ಬಿಟ್ಟವಳು ನಾನಲ್ಲ. ನಂಬಿದರೆ ನಂಬು.

ನಿನ್ನ ಫೆಬ್ರವರಿಯ ಕಾಗದ ಓದಿದ ಮಾರನೆಯ ದಿನವೇ ಮುಖ್ಯಸ್ಥರ ಕೋಣೆಗೆ ಹೋಗಿ, ಇದನ್ನು ತಡೆಯೋಣ, ಆಡುವವರೆಲ್ಲ ಕಳ್ಳರಲ್ಲ ಎಂದೆ. ಅವರು ಏನೋ ತಿನ್ನುತ್ತಿದ್ದರು. ನಿಮ್ಮದೇ ಐಡಿಯಾ ಅಲ್ಲವೇ, ಈಗೇನಾಯಿತು ಎಂದು ಕೇಳಿದರು. ಏನೆಂದು ಹೇಳಲಿ? ನಮ್ಮಕ್ಕನ ಅತ್ತೆ ಎನ್ನಲೇ? ಆ ಮಾತು ಬಾಯಿಂದ ಬಿದ್ದ ಕೂಡಲೇ ನಿನ್ನ ಮನೆಯ ಬಾಗಿಲಿಗೆ ವಕೀಲರು ಬರುತ್ತಿದ್ದರು. ಪರೀಕ್ಷೆ ಇನ್ನೂ ಪಕ್ಕಾ ಆಗಿಲ್ಲ, ಒಂದು ತಿಂಗಳು ಕೊಡಿ ಎಂದು ಸುಳ್ಳು ಹೇಳಿದೆ. ಪಕ್ಕದ ಮೇಜಿನವನು ಪಕ್ಕಾ ಆಗಿದೆ ಎಂದು ತೋರಿಸಿದ. ಹೊರಗೆ ಹೋಯಿತು. ನಾನು ನನ್ನ ಕುರ್ಚಿಗೆ ಬಂದು ಕೂತೆ. ಇದನ್ನು ನಿನಗೆ ಬರೆಯಬೇಕಿತ್ತು. ನೀನು ಯಂತ್ರವನ್ನು ಸೇರಿಸಿರುವುದಿಲ್ಲ, ಎಲ್ಲ ಸರಿಹೋಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಿದ್ದೆ.

ಮಾವ ಹೋದ ದಿನದ ಸ್ನಾನದ ನೀರಿನ ವಿಷಯ ನನಗೆ ಗೊತ್ತಿರಲಿಲ್ಲ. ಕಾಗದವನ್ನು ಮಡಚಿಟ್ಟರೂ ಅದು ಮಡಚಿಕೊಳ್ಳುತ್ತಿಲ್ಲ.

ಈಗ ಕೇಳು. ಹೋದವರು ಯಾರೂ ಅಳಿಸಿಹೋಗಿಲ್ಲ. ಅವರ ಹೆಸರು, ಮನೆ, ಅತ್ತೆಯ ಜೊತೆ ಆಡಿದ ಮಾತು ಎಲ್ಲವೂ ಯಂತ್ರದೊಳಗೇ ಇವೆ. ಪ್ರತಿಯೊಬ್ಬರ ಹೆಸರಿನ ಮುಂದೆ ‘ಹೋದರು’ ಎಂಬ ಒಂದು ಗುರುತು ಮಾತ್ರ ಬಿದ್ದಿದೆ. ಆ ಗುರುತು ಎಲ್ಲಿರುತ್ತದೆ, ಅದನ್ನು ಹೇಗೆ ತೆಗೆಯಬೇಕು, ಪರೀಕ್ಷೆ ಮತ್ತೆ ನಡೆಯದಂತೆ ಹೇಗೆ ಮಾಡಬೇಕು ಎಂದು ಇದರ ಜೊತೆಗಿರುವ ಪುಟದಲ್ಲಿ ಬರೆದಿದ್ದೇನೆ. ಮೇಕೆಗೆ ಮಾತು ಕಲಿಸಿದವಳಿಗೆ ಇದು ಕಷ್ಟವಾಗಲಾರದು. ಇದು ತಿಳಿದಿರುವವರು ಇಲ್ಲಿ ಮುಖ್ಯಸ್ಥರನ್ನು ಬಿಟ್ಟರೆ ನಾನು ಮತ್ತು ಪಕ್ಕದ ಮೇಜಿನವನು ಮಾತ್ರ. ಹಾಗಾಗಿ ಅತ್ತೆಯ ಯಂತ್ರಕ್ಕೆ ಮಾತ್ರ ಮಾಡು. ಅದೊಂದಕ್ಕೆ ಮಾತ್ರ.

ಕರಡಿ ವಾಪಸು ಬಂದ ಮೇಲೆ ಎರಡು ಸಾಲು ಬರೆ.

ಪುಟ್ಟಿ

⁂

ಜೂನ್ 17

ಅಕ್ಕಾ,

ನೀನು ಎರಡು ಸಾಲು ಬರೆಯಲಿಲ್ಲ. ನಾನು ಬರೆದುಕೊಟ್ಟ ಸಾಲುಗಳನ್ನು ಮಾತ್ರ ಇಂಟರ್ನೆಟ್ಟಿನ ದಪ್ಪಕ್ಷರದ ಪುಟದಲ್ಲಿ ಎಲ್ಲರ ಜೊತೆ ನಾನೂ ಓದಿದೆ. ‘ಹೋದವರನ್ನು ಕರೆಸಿಕೊಳ್ಳುವ ಬಗೆ’ ಎಂದು ತಲೆಬರಹ ಕೊಟ್ಟಿದ್ದೀ. ಚೆನ್ನಾಗಿದೆ. ದೊಡ್ಡ ಅಕ್ಷರದಲ್ಲಿದೆ.

ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆದರು. ಪಕ್ಕದ ಮೇಜಿನವನಿಗೆ ಮನೆಯಲ್ಲಿ ಚಿಕ್ಕ ಮಗುವಿದೆ, ಅವನ ಮುಖ ಸುಣ್ಣದ ಹಾಗಾಗಿತ್ತು. ಅದನ್ನು ನೋಡುತ್ತಾ ಕೂರಲು ನನಗೆ ಆಗಲಿಲ್ಲ.

“ನಾನು ಕೊಟ್ಟೆ” ಎಂದೆ.

“ಯಾರಿಗೆ?”

“ಅದನ್ನ ಹೇಳೋದಿಲ್ಲ.”

ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದರು, ವಕೀಲರಿಗೆ ಹೇಳದೆ ಮುಗಿಸುತ್ತೇನೆ, ಇವತ್ತೇ ಹೊರಡಿ ಎಂದರು. ಅವರೂ ಸುಸ್ತಾಗಿದ್ದರು ಅನಿಸಿತು. ಗೇಟಿನಲ್ಲಿ ನನ್ನ ಫೋನು ಕೊಟ್ಟು, ಡಬ್ಬಿಯ ಮೇಲಿದ್ದ ನನ್ನ ಚೀಟಿಯನ್ನು ಕಿತ್ತುಹಾಕಿದರು.

ನಿನ್ನ ಮೇಲೆ ಕೋಪ ಬರುತ್ತದೆ ಎಂದುಕೊಂಡಿದ್ದೆ. ಕೋಣೆಗೆ ಬಂದು ಮಂಚದ ಮೇಲೆ ಕೂತರೆ ನಿದ್ದೆ ಬಂತು. ಎದ್ದ ಮೇಲೆ ಸ್ವಲ್ಪ ಕೋಪ ಬಂತು. ನನ್ನನ್ನು ಒಂದು ಮಾತು ಕೇಳಬಹುದಿತ್ತು, ಅಕ್ಕ. ಬೇಡ ಎನ್ನುತ್ತಿದ್ದೆನೋ ಏನೋ. ಆದರೂ ಕೇಳಬಹುದಿತ್ತು.

ಕೋಣೆಯನ್ನು ಮುಂದಿನ ತಿಂಗಳ ಕೊನೆಗೆ ಬಿಡಬೇಕು. ಸಾಮಾನು ಎಷ್ಟು ಕಡಿಮೆ ಇದೆ ಎಂದು ಈಗ ಗೊತ್ತಾಯಿತು.

ಅತ್ತೆಯ ದ್ವೀಪಕ್ಕೆ ಎಲ್ಲರೂ ಬಂದರೋ ಇಲ್ಲವೋ, ಅದನ್ನಾದರೂ ಹೇಳು.

ತಂಗಿ

⁂

ಜುಲೈ 7

ಪುಟ್ಟಿ,

ಕೇಳಿದರೆ ಬೇಡ ಎನ್ನುತ್ತೀ ಎಂದೇ ಕೇಳಲಿಲ್ಲ. ಸುತ್ತಿಬಳಸಿ ಬರೆಯುವುದಕ್ಕೆ ನನ್ನಲ್ಲಿ ತ್ರಾಣ ಇಲ್ಲ.

ದಪ್ಪಕ್ಷರಕ್ಕೆ ಒಬ್ಬ ಟೈಲರ್ ಬರೆದಿದ್ದರು, ವಯಸ್ಸಾದವರು. ಹೆಂಡತಿಗೆ ಲಕ್ವ ಹೊಡೆದು ಓದುವುದೇ ಮರೆತುಹೋಗಿತ್ತಂತೆ. ಆ ದೊಡ್ಡ ಅಕ್ಷರಗಳನ್ನು ನೋಡಿ ನೋಡಿ, ಪ್ರಾಣಿಗಳ ಹೆಸರಿನಿಂದ ಮತ್ತೆ ಓದಲು ಕಲಿತರಂತೆ. ಈಗ ದ್ವೀಪ ಖಾಲಿ. ‘ನಾವೇನು ತಪ್ಪು ಮಾಡಿದೆವು, ದಯವಿಟ್ಟು ತಿಳಿಸಿ, ತಿದ್ದಿಕೊಳ್ಳುತ್ತೇವೆ’ ಎಂದು ಬರೆದಿದ್ದರು. ಅಂಥವು ದಿನವೂ ಬರುತ್ತಿದ್ದವು. ನಿನ್ನ ಪುಟ ನನ್ನ ಬ್ಯಾಗಿನಲ್ಲಿತ್ತು. ಗಾಜು ಉಜ್ಜುವಾಗಲೂ ಅದೇ ಯೋಚನೆ. ನಿನ್ನ ಕೆಲಸ ಹೋಗಬಹುದು ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಹಾಕಿದ ಮೇಲೆ ನಿನಗೆ ಬರೆಯಲು ಕೂತು ಎಷ್ಟು ಹಾಳೆ ಹರಿದೆನೋ. ಟೈಲರ್ ಮನೆಯ ದ್ವೀಪ ತುಂಬಿದೆಯಂತೆ. ಅದು ನಿನಗೆ ಸಮಾಧಾನ ಆಗಬೇಕು ಎಂದು ನಾನು ಹೇಳುವುದಿಲ್ಲ.

ಅತ್ತೆಯ ಯಂತ್ರಕ್ಕೆ ಮಾತ್ರ ನಾನು ಕೈ ಹಚ್ಚಿರಲಿಲ್ಲ. ಸುಮ್ಮನೆ ಎಲ್ಲರನ್ನೂ ತಂದು ನಿಲ್ಲಿಸಿದರೆ ಅವರು ಎಲ್ಲಿಗೆ ಹೋಗಿದ್ದರು ಎಂದು ಅತ್ತೆ ಕೇಳುತ್ತಾರೆ. ಆಗ ಏನು ಹೇಳಲಿ? ನಿನ್ನ ಈ ಕಾಗದ ಬಂದ ದಿನ ಧೈರ್ಯ ಮಾಡಿ ಎಲ್ಲವನ್ನೂ ಹೇಳಿದೆ. ನಾನು ಗೇಮು ತಿದ್ದಿದ್ದು, ನಿನ್ನ ಕೆಲಸ, ನಿನ್ನ ಉಪಾಯ, ನಿನ್ನ ಕೆಲಸ ಹೋದದ್ದು. ಅತ್ತೆ ನನ್ನ ಕಿವಿಯನ್ನು ನೋಡುತ್ತಾ ಪೂರ್ತಿ ಕೇಳಿದರು.

“ಹಾಗಾದ್ರೆ ನಾನೇನೂ ಮಾಡಿಲ್ಲ” ಎಂದರು.

“ಏನೂ ಮಾಡಿಲ್ಲ ಅತ್ತೆ.”

“ಮೊದಲ್ನೇ ಸಲ ಅದನ್ನ ಹೇಳೋರೇ ಇರ್ಲಿಲ್ಲ. ನೀರು ಇಡೋಕೆ ಹೋಗ್ದೆ ಅಲ್ಲೇ ಇದ್ದಿದ್ರೆ ಅಂತ ಇವತ್ತಿಗೂ ಅನ್ಕೋತೀನಿ. ಈ ಸಲ ಬೈಯೋಕೆ ಒಬ್ಬಳಾದ್ರೂ ಇದ್ದಾಳೆ. ನಿನ್ನ ತಂಗೀನ ಬರೋಕೆ ಹೇಳು, ಎದುರಿಗೆ ಕೂರ್ಸ್ಕೊಂಡು ಬೈತೀನಿ.”

ಆಮೇಲೆ ಇಬ್ಬರೂ ಯಂತ್ರ ಹಿಡಿದು ಕೂತೆವು. ನೀನು ಬರೆದ ಹಾಗೆಯೇ ಮಾಡಿದೆ. ಕೆಮ್ಮಿನವಳು ಬಂದಳು. ಏನೂ ಆಗಿಯೇ ಇಲ್ಲ ಎನ್ನುವ ಹಾಗೆ, ಬಂದೆಯಾ, ಕೂತ್ಕೋ, ಕಾಲು ನೋಯ್ತಾ ಇರುತ್ತೆ ಎಂದಳು. ಅತ್ತೆ ಸೆರಗಿನಿಂದ ಪರದೆ ಒರೆಸಿದರು. ಟ್ರಂಕು ಬಂದಳು. ಉಳಿದವರೂ ಬಂದರು. ಕೊನೆಗೆ ಕರಡಿಯ ಗುರುತು ತೆಗೆಯಲು ಹೋದೆ. ಅತ್ತೆ ನನ್ನ ಕೈ ಹಿಡಿದರು.

“ಅವರು ಬೇಡ.”

ಯಾಕೆ, ಒಂದು ಕ್ಷಣದ ಕೆಲಸ ಎಂದೆ.

“ಎರಡು ಸಲ ಕಳ್ಸಿದೀನಿ ಕಣೇ. ಈಗ ಕರ್ಕೊಂಡು ಬಂದ್ರೆ ಇನ್ನೊಂದಿನ ಮತ್ತೆ ಕಳಿಸ್ಬೇಕಾಗುತ್ತೆ. ಯಂತ್ರ ಕೆಡುತ್ತೆ, ಇಲ್ಲಾ ನನ್ನ ಕಣ್ಣು ಪೂರ್ತಿ ಹೋಗುತ್ತೆ. ಮೂರನೇ ಸಲ ನನ್ನ ಕೈಲಾಗಲ್ಲ.”

ನಾನು ಕೈ ತೆಗೆದೆ. ಕರಡಿಯ ಮನೆ ದ್ವೀಪದಲ್ಲಿ ಹಾಗೆಯೇ ಇದೆ, ಬಾಗಿಲು ಹಾಕಿದೆ. ಅತ್ತೆ ಅತ್ತ ಹೋಗುವುದಿಲ್ಲ. ಸಂಜೆಯಾದರೆ ಟ್ರಂಕಿನ ಜೊತೆ ಕಟ್ಟೆಯ ಮೇಲೆ ಕೂರುತ್ತಾರೆ. ಆ ಒಂದು ಹೆಸರಿನ ಮುಂದೆ ನೀನು ಹಾಕಿದ ಗುರುತು ಉಳಿದಿದೆ. ಇದು ನಿನಗೆ ಬೈದದ್ದಲ್ಲ. ಅತ್ತೆಯೇ ಉಳಿಸಿಕೊಂಡದ್ದು.

ಹಜಾರದಲ್ಲಿ ಅತ್ತೆಯ ಮಂಚದ ಪಕ್ಕ ಜಾಗ ಮಾಡಿದ್ದೇನೆ. ಯಾವ ಬಸ್ಸಿಗೆ ಬರುತ್ತೀ ಎಂದು ಫೋನ್ ಮಾಡು. ಎಲ್ಲರೂ ಕೇಳಿಸಿಕೊಳ್ಳಲಿ.

ಅಕ್ಕ